ಮಗುವಿಗೆ ಜ್ವರ ಬಂದಾಗ ಮೊಬೈಲಿನಲ್ಲಿ ಏನು ಹುಡುಕಬೇಕು, ಹೇಗೆ ಓದಬೇಕು

ಅಮೆರಿಕದ ವೈದ್ಯಕೀಯ ತಾಣವೊಂದರಲ್ಲಿ '12 ಕೆ.ಜಿ. ತೂಕದ ಮಗುವಿಗೆ ಜ್ವರದ ಸಿರಪ್ 5 ಎಂ.ಎಲ್.' ಎಂದು ಬರೆದಿರುತ್ತದೆ. ಅಲ್ಲಿನ ಬಾಟಲಿಗೆ ಅದು ಸರಿಯಾದ ಅಳತೆಯೇ. ಅದನ್ನೇ ಓದಿಕೊಂಡು, ಊರಿನ ಮೆಡಿಕಲ್ ಶಾಪಿನಿಂದ ತಂದ ಸಿರಪ್ಪನ್ನು 5 ಎಂ.ಎಲ್. ಕುಡಿಸಿದರೆ ಮಗುವಿಗೆ ಕಡಿಮೆಯೂ ಆಗಬಹುದು, ಅಪಾಯವಾಗುವಷ್ಟು ಹೆಚ್ಚೂ ಆಗಬಹುದು. ಏಕೆಂದರೆ ನಮ್ಮಲ್ಲಿ ಒಂದೇ ಔಷಧ ಮೂರು ನಾಲ್ಕು ಸ್ಟ್ರೆಂತ್‌ಗಳಲ್ಲಿ, ಅಂದರೆ ಒಂದೇ ಅಳತೆಯ ಸಿರಪ್ಪಿನಲ್ಲಿ ಹೆಚ್ಚು ಕಡಿಮೆ ಔಷಧವಿರುವಂತೆ, ಸಿಗುತ್ತದೆ. ತಾಣ ಸುಳ್ಳು ಹೇಳಿಲ್ಲ, ಓದಿದವರು ದಡ್ಡರೂ ಅಲ್ಲ. ಹಾಗಿದ್ದರೂ ಎಡವಟ್ಟಾಗುತ್ತದೆ. ಜ್ವರದ ಬಗ್ಗೆ ಹುಡುಕುವಾಗ ಆಗುವ ಹೆಚ್ಚಿನ ತಪ್ಪುಗಳು ಇದೇ ಜಾತಿಯವು: ಉತ್ತರ ಸರಿಯಾಗಿಯೇ ಇರುತ್ತದೆ, ಆದರೆ ಅದು ಬೇರೆ ಮಗುವಿಗೆ, ಬೇರೆ ಬಾಟಲಿಗೆ, ಬೇರೆ ವಯಸ್ಸಿಗೆ ಬರೆದದ್ದಾಗಿರುತ್ತದೆ.

ಮೊದಲು: ಹುಡುಕಾಟವೇ ಬೇಡವಾದ ಸಂದರ್ಭಗಳು

ಮಗುವಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ, ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ (38 ಸೆಲ್ಸಿಯಸ್) ಮುಟ್ಟಿದೆ ಎಂದಾದರೆ ಫೋನ್ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೊರಡಿ. ರಾತ್ರಿ ಎರಡು ಗಂಟೆಯಾಗಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ಇಷ್ಟು ಎಳೆಯ ಕೂಸಿಗೆ ಜ್ವರದ ಔಷಧವನ್ನು ವೈದ್ಯರು ಹೇಳದೆ ಕೊಡಲೂ ಬಾರದು. ಇನ್ನೊಂದು ವಿಷಯ ಎಷ್ಟೋ ಮನೆಗಳಲ್ಲಿ ಗೊತ್ತಿರುವುದಿಲ್ಲ: ನವಜಾತ ಶಿಶುವಿಗೆ ಸೋಂಕು ತಗುಲಿದಾಗ ಮೈ ಬಿಸಿಯಾಗುವ ಬದಲು ತಣ್ಣಗಾಗಬಹುದು. ಹಾಲು ಕುಡಿಯುವುದನ್ನು ಬಿಟ್ಟು, ಮೈ ತಣ್ಣಗಾಗಿ, ಜೋತುಬಿದ್ದಂತಿರುವ ಕೂಸಿಗೆ ಜ್ವರ ಇಲ್ಲವಲ್ಲ ಎಂದು ಸಮಾಧಾನಪಡಬೇಡಿ.

ವಯಸ್ಸು ಎಷ್ಟೇ ಇರಲಿ, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೊರಡಿ: ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು, ಉಸಿರೆಳೆದಾಗ ಪಕ್ಕೆಗಳ ಕೆಳಗಿನ ಭಾಗ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಕುತ್ತಿಗೆ ಬಿಗಿಯಾಗುವುದು, ಎಳೆ ಮಗುವಿನ ನೆತ್ತಿ ಉಬ್ಬಿಕೊಳ್ಳುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಎಂಟು ಗಂಟೆಯಾದರೂ ಉಚ್ಚೆ ಹೊಯ್ಯದಿರುವುದು. ಉಸಿರಾಟದ ವೇಗ ಅನುಮಾನ ತಂದರೆ ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ ಗಡಿಯಾರ ನೋಡಿ ಪೂರಾ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿನವರಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಮಕ್ಕಳ ಉಸಿರು ಏರಿಳಿಯುತ್ತಿರುತ್ತದೆ, ಹಾಗಾಗಿ ಲೆಕ್ಕ ತಪ್ಪುತ್ತದೆ.

ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಪಾರದರ್ಶಕ ಗಾಜಿನ ಲೋಟವನ್ನು ಅದರ ಮೇಲೆ ಒತ್ತಿ, ಗಾಜಿನ ಮೂಲಕ ನೋಡಿ. ಒತ್ತಿದರೂ ಮಾಸದ ಚುಕ್ಕೆ ಇದ್ದರೆ ತುರ್ತಾಗಿ ಆಸ್ಪತ್ರೆಗೆ ಹೋಗಬೇಕು. ಮೈಬಣ್ಣ ಕಪ್ಪಾಗಿದ್ದರೆ ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆಯ ಒಳಭಾಗದಲ್ಲಿ ನೋಡಿ. 'ಜ್ವರ ಕೆಂಪು ಗುಳ್ಳೆ' ಎಂದು ಚಿತ್ರ ಹುಡುಕಿ ಹೋಲಿಸುವುದರಲ್ಲಿ ಅರ್ಥವಿಲ್ಲ. ಇಂಟರ್‌ನೆಟ್ಟಿನ ಬಹುಪಾಲು ಫೋಟೋಗಳು ಬಿಳಿಯ ಚರ್ಮದವರದು, ನಮ್ಮ ಮಕ್ಕಳ ಮೈಮೇಲೆ ಅದೇ ಗುಳ್ಳೆ ಬೇರೆಯದೇ ಬಣ್ಣದಲ್ಲಿ ಕಾಣುತ್ತದೆ.

ಆಂಬುಲೆನ್ಸ್‌ಗೆ 108. ಈ ಸಂಖ್ಯೆಯನ್ನು ಹುಡುಕುವ ಹೊತ್ತು ಬರುವ ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಜೊತೆಗೆ, ರಾತ್ರಿ ಮಕ್ಕಳನ್ನು ನೋಡುವ ಹತ್ತಿರದ ಆಸ್ಪತ್ರೆ ಯಾವುದು ಎಂಬುದನ್ನು ಹಗಲಿನಲ್ಲೇ ಫೋನ್ ಮಾಡಿ ಕೇಳಿಕೊಳ್ಳಿ. '24 ಗಂಟೆ' ಎಂದು ನಕ್ಷೆಯಲ್ಲಿ ತೋರಿಸುವ ಎಲ್ಲ ಕಡೆಯೂ ಮಕ್ಕಳ ವೈದ್ಯರು ರಾತ್ರಿ ಇರುವುದಿಲ್ಲ.

ಟೈಪ್ ಮಾಡುವ ಮೊದಲು ಕೈಯಲ್ಲಿರಬೇಕಾದ ನಾಲ್ಕು ಸಂಗತಿ

ವಯಸ್ಸು, ತೂಕ, ಅಳೆದ ಜ್ವರ, ಶುರುವಾದ ದಿನ. ಇವಿಲ್ಲದೆ ಹುಡುಕಿದರೆ ಬರುವ ಉತ್ತರ ಯಾವ ಮಗುವಿಗೂ ಸೇರಿದ್ದಲ್ಲ.

ಹಣೆ ಮುಟ್ಟಿ 'ಕೆಂಡದ ಹಾಗಿದೆ' ಅನ್ನುವುದು ಅಳತೆಯಲ್ಲ. ಡಿಜಿಟಲ್ ಥರ್ಮಾಮೀಟರ್ ತನ್ನಿ. ಕಂಕುಳಿನ ಬೆವರು ಒರೆಸಿ, ಥರ್ಮಾಮೀಟರಿನ ತುದಿಯನ್ನು ಕಂಕುಳಿನ ನಡುಮಧ್ಯಕ್ಕೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಆಗುವವರೆಗೂ ಬಿಡಬೇಡಿ. ಬೀಪ್ ಆಗುವ ಮೊದಲೇ ಎಳೆದರೆ, ಅಥವಾ ತುದಿ ಬಟ್ಟೆಗೆ ತಾಗಿಕೊಂಡಿದ್ದರೆ ಕಡಿಮೆ ತೋರಿಸುತ್ತದೆ. ಬಿಸಿನೀರಿನಲ್ಲಿ ಸ್ನಾನ ಮಾಡಿಸಿದ ಕೂಡಲೇ, ಅಥವಾ ಎರಡು ಕಂಬಳಿಯಿಂದ ಹೊರತೆಗೆದ ಕೂಡಲೇ ಅಳೆದರೆ ಹೆಚ್ಚು ತೋರಿಸುತ್ತದೆ. ಅರ್ಧ ಗಂಟೆ ಬಿಟ್ಟು ಅಳೆಯಿರಿ. ಕಂಕುಳಿನ ಅಳತೆ ಮೈಯೊಳಗಿನ ಶಾಖಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಅದಕ್ಕೆ ನೀವೇ ಒಂದು ಡಿಗ್ರಿ ಕೂಡಿಸುವ ಬದಲು 'ಕಂಕುಳಲ್ಲಿ 101.8' ಎಂದು ಇದ್ದ ಹಾಗೆ ಬರೆದಿಟ್ಟುಕೊಳ್ಳಿ.

ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಗೊಂದಲ ಬಹಳ ಸಾಮಾನ್ಯ. ವಿದೇಶಿ ತಾಣಗಳು ಹೆಚ್ಚಾಗಿ ಸೆಲ್ಸಿಯಸ್‌ನಲ್ಲಿ ಬರೆಯುತ್ತವೆ, ಅಮೆರಿಕದವು ಮಾತ್ರ ನಮ್ಮ ಹಾಗೆ ಫ್ಯಾರನ್‌ಹೀಟ್ ಹೇಳುತ್ತವೆ. 38 ಅಂದರೆ 100.4, 39 ಅಂದರೆ 102.2, 40 ಅಂದರೆ 104. ಮೂರೇ ಸಂಖ್ಯೆ, ಥರ್ಮಾಮೀಟರಿನ ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿಟ್ಟರೆ ಸಾಕು.

ತೂಕ ಗೊತ್ತಿಲ್ಲದಿದ್ದರೆ ತಾಯಿ ಕಾರ್ಡಿನಲ್ಲಿ ಅಥವಾ ಅಂಗನವಾಡಿಯ ತೂಕದ ಪುಸ್ತಕದಲ್ಲಿ ಕೊನೆಯ ಬಾರಿ ಬರೆದದ್ದನ್ನು ನೋಡಿ. ಅದೂ ಸಿಗದಿದ್ದರೆ ಮಗುವನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಒಬ್ಬರೇ ನಿಂತು ಕಳೆಯಿರಿ.

ಫೋನಿನಲ್ಲಿ ಒಂದು ಟಿಪ್ಪಣಿ ತೆರೆದು ಹೀಗೆ ಬರೆಯುತ್ತಾ ಹೋಗಿ: 'ಮಂಗಳವಾರ ಸಂಜೆ 6:10, ಕಂಕುಳು 102.2, ಔಷಧ 3.6 ಎಂ.ಎಲ್. (5 ಎಂ.ಎಲ್.ಗೆ 250 ಮಿಲಿಗ್ರಾಂನ ಬಾಟಲಿ). 7:15, 100.6, ಆಟವಾಡಿದಳು, ಅರ್ಧ ಲೋಟ ಗಂಜಿ ಕುಡಿದಳು. 8:00, ಉಚ್ಚೆ ಹೋಯಿತು.' ಈ ಮೂರು ಸಾಲು ಬರೆಯುವ ಹೊತ್ತಿಗೆ ಗಾಬರಿ ಅರ್ಧ ಇಳಿದಿರುತ್ತದೆ. ಹಿಂದಿನ ಡೋಸ್ ಕೊಟ್ಟದ್ದು ಅಪ್ಪನೋ ಅಜ್ಜಿಯೋ ಎಂಬ ಗೊಂದಲದಲ್ಲಿ ಎರಡು ಸಲ ಕುಡಿಸುವ ತಪ್ಪೂ ತಪ್ಪುತ್ತದೆ.

ಪ್ರಶ್ನೆ ಹೇಗಿದೆಯೋ ಉತ್ತರವೂ ಹಾಗೇ

'ಹಲ್ಲು ಹುಟ್ಟುವಾಗ ಜ್ವರ ಬರುತ್ತಾ' ಎಂದು ಹುಡುಕಿದರೆ, ಬರುತ್ತದೆ ಎನ್ನುವ ಪುಟಗಳು ಸಾಲುಗಟ್ಟುತ್ತವೆ. ಹುಡುಕುಯಂತ್ರ ನಿಮ್ಮ ಪದಗಳಿಗೆ ಹೊಂದುವ ಪುಟ ತರುತ್ತದೆ. ನಿಮ್ಮ ಊಹೆ ತಪ್ಪೆಂದು ತಿದ್ದುವುದು ಅದರ ಕೆಲಸವಲ್ಲ. ಹಲ್ಲು ಬರುವಾಗ ಮೈ ತುಸು ಬೆಚ್ಚಗಾಗಬಹುದೇ ಹೊರತು 100.4 ದಾಟುವ ಜ್ವರಕ್ಕೆ ಹಲ್ಲು ಕಾರಣವಲ್ಲ. ಹಲ್ಲಿನ ಜ್ವರವೆಂದು ಮೂರು ದಿನ ಕಳೆದ ಮೇಲೆ ಮೂತ್ರದ ಸೋಂಕು ಪತ್ತೆಯಾಗುವ ಮಕ್ಕಳಿದ್ದಾರೆ. ಅದಕ್ಕೇ ಕಾರಣವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬೇಡಿ.

ಮೊಬೈಲಿನಲ್ಲಿ ರೋಗ ಯಾವುದೆಂದು ತಿಳಿಯುವುದಿಲ್ಲ. ಈ ರಾತ್ರಿ ಏನು ಮಾಡಬೇಕು, ಯಾವಾಗ ಹೊರಡಬೇಕು ಎಂಬುದು ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಕೇಳಿ: '2 ವರ್ಷದ ಮಗುವಿಗೆ ಜ್ವರ, ಯಾವಾಗ ವೈದ್ಯರಿಗೆ ತೋರಿಸಬೇಕು'. 'ಜ್ವರ ಯಾಕೆ ಬರುತ್ತೆ', 'ಜ್ವರ ತಲೆಗೇರಿದರೆ ಏನಾಗುತ್ತೆ' ಎಂದು ಕೇಳಿದರೆ ಮಿದುಳು ಸೋಂಕಿನಿಂದ ಹಿಡಿದು ದೃಷ್ಟಿ ತೆಗೆಯುವವರೆಗೆ ಎಲ್ಲವೂ ಬಂದು ಬೀಳುತ್ತದೆ. ಜ್ವರ ತಲೆಗೇರಿ ಮಿದುಳು ಸುಡುತ್ತದೆಂಬ ಭಯ ನಮ್ಮಲ್ಲಿ ಬಲವಾಗಿದೆ. ಸಾಮಾನ್ಯ ಸೋಂಕಿನ ಜ್ವರ 103, 104 ಇದ್ದ ಮಾತ್ರಕ್ಕೆ ಮಿದುಳಿಗೆ ಹಾನಿಯಾಗುವುದಿಲ್ಲ. 101 ಇದ್ದು ಮಂಕಾಗಿ ಬಿದ್ದಿರುವ ಮಗು, 103 ಇದ್ದೂ ಔಷಧದಿಂದ ಜ್ವರ ಇಳಿದ ಮೇಲೆ ಆಡುವ ಮಗುವಿಗಿಂತ ಹೆಚ್ಚು ಕಾಳಜಿ ಬೇಡುತ್ತದೆ.

ಕನ್ನಡದಲ್ಲಿ ಹುಡುಕುವಾಗ ಪದದ ಆಯ್ಕೆಯೇ ದಿಕ್ಕು ಬದಲಿಸುತ್ತದೆ. ಜ್ವರದ ಜೊತೆ ಬರುವ ಸೆಳೆತಕ್ಕೆ ಹಿರಿಯರು 'ಬಾಲಗ್ರಹ' ಎನ್ನುತ್ತಾರೆ. ಆ ಪದ ಹಾಕಿದರೆ ತಾಯಿತ, ಶಾಂತಿ, ಗ್ರಹದೋಷಗಳ ಕಡೆಗೆ ಹೋಗುವ ಸಾಧ್ಯತೆಯೇ ಹೆಚ್ಚು. 'ಜ್ವರ ಫಿಟ್ಸ್ ಮಗು ಪ್ರಥಮ ಚಿಕಿತ್ಸೆ' ಎಂದು ಹಾಕಿ. ಡೆಂಗಿ ಎಂದೊಮ್ಮೆ, ಡೆಂಗ್ಯೂ ಎಂದೊಮ್ಮೆ ಹುಡುಕಿ. ಪತ್ರಿಕೆ, ಇಲಾಖೆಗಳು ಎರಡೂ ಬಗೆಯಲ್ಲಿ ಬರೆಯುತ್ತವೆ. ಮನೆಮದ್ದಿನ ಪುಟಗಳೇ ತುಂಬಿಕೊಂಡರೆ ಪ್ರಶ್ನೆಯ ಕೊನೆಗೆ ಒಂದು ಮೈನಸ್ ಚಿಹ್ನೆ ಹಾಕಿ, ಜಾಗ ಬಿಡದೆ 'ಮನೆಮದ್ದು' ಎಂದು ಬರೆಯಿರಿ. ಆ ಪದವಿರುವ ಪುಟಗಳು ಹೊರಗುಳಿಯುತ್ತವೆ.

ಇಂಗ್ಲಿಷ್ ಓದಬಲ್ಲವರು ಮನೆಯಲ್ಲಿದ್ದರೆ, ಒಂದೇ ತಾಣದೊಳಗೆ ಹುಡುಕುವ ಉಪಾಯ ಕಲಿಯಿರಿ. 'ಸೈಟ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ತಾಣದ ವಿಳಾಸ ಬರೆದು, ಆಮೇಲೆ ಪ್ರಶ್ನೆ ಬರೆಯಬೇಕು. ಭಾರತದ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಪೋಷಕರಿಗಾಗಿಯೇ ಮಾರ್ಗಸೂಚಿಗಳನ್ನು ಬರೆದಿದೆ. ಅದರಲ್ಲಿ ಜ್ವರದ ಭಾಗವೂ ಇದೆ. ಮೊದಲು ಅಲ್ಲಿ ನೋಡಿ, ಏಕೆಂದರೆ ಅದು ನಮ್ಮ ಔಷಧ, ನಮ್ಮ ರೋಗಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಮತ್ತು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ತಾಣಗಳು ಅಪಾಯದ ಚಿಹ್ನೆಗಳಿಗೆ ಚೆನ್ನಾಗಿವೆ, ಡೋಸಿನ ಅಳತೆಗೆ ಅಲ್ಲ.

ಬಂದ ಪುಟವನ್ನು ಓದುವ ಬಗೆ

ಮೇಲೆ 'ಪ್ರಾಯೋಜಿತ' ಎಂದಿರುವುದು ಜಾಹೀರಾತು, ದಾಟಿ ಹೋಗಿ. ಅದರ ಬಳಿಯಲ್ಲೇ ಎಐ ಬರೆದ ಸಾರಾಂಶ ಬರುತ್ತದೆ. ಅದು ಹಲವು ದೇಶಗಳ ಪುಟಗಳನ್ನು ಒಟ್ಟು ಹಾಕಿ ಬರೆದದ್ದು. ಅದರಲ್ಲಿರುವ ಯಾವ ಸಂಖ್ಯೆಯನ್ನೂ ಮೂಲ ಪುಟ ತೆರೆದು ನೋಡದೆ ಬಳಸಬೇಡಿ. ಚಾಟ್‌ಬಾಟ್‌ಗಳನ್ನು ಕೇಳುವುದಾದರೂ ಅಷ್ಟೇ, ಲೆಕ್ಕವನ್ನು ಕೈಯಲ್ಲಿ ಇನ್ನೊಮ್ಮೆ ಮಾಡಲೇಬೇಕು.

ಆಮೇಲೆ ದಿನಾಂಕ. ನಿಮೆಸುಲೈಡ್ ಎಂಬ ಜ್ವರದ ಔಷಧವನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದಿನ ಪುಟಗಳು, ಅವುಗಳನ್ನು ನಕಲು ಮಾಡಿದ ಹೊಸ ಪುಟಗಳು ಇನ್ನೂ ಉಳಿದಿವೆ. ಅದೇ 2011ರಲ್ಲಿ ಅಮೆರಿಕದ ತಯಾರಕರು ಶಿಶುಗಳ ಗಾಢ ಪ್ಯಾರಾಸಿಟಮಾಲ್ ಡ್ರಾಪ್ಸ್ ನಿಲ್ಲಿಸಿ, ಎಲ್ಲ ಮಕ್ಕಳಿಗೂ ಒಂದೇ ಸ್ಟ್ರೆಂತ್ ಮಾಡಿಕೊಳ್ಳಲು ಹೊರಟರು. ಹಾಗಾಗಿ ಅಲ್ಲಿನದೇ ಹಳೆಯ ಚಾರ್ಟ್‌ಗಳು ಈಗ ಅಲ್ಲಿಗೂ ಹೊಂದುವುದಿಲ್ಲ.

ಇಂಗ್ಲಿಷ್ ಪುಟವನ್ನು ಒಂದು ಗುಂಡಿ ಒತ್ತಿ ಕನ್ನಡಕ್ಕೆ ತಿರುಗಿಸಿ ಓದುವವರು ಒಂದು ಪದದ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು: ಚಮಚ. ಇಂಗ್ಲಿಷಿನಲ್ಲಿ ಟೀಸ್ಪೂನ್ ಅಂದರೆ 5 ಎಂ.ಎಲ್., ಟೇಬಲ್‌ಸ್ಪೂನ್ ಅಂದರೆ 15 ಎಂ.ಎಲ್. ಕನ್ನಡಕ್ಕೆ ಬಂದಾಗ ಎರಡೂ 'ಚಮಚ' ಆಗಿಬಿಡಬಹುದು. ಒಂದಕ್ಕೆ ಮೂರು ಪಟ್ಟು. ಮನೆಯ ಚಮಚಗಳಂತೂ ಒಂದೊಂದು ಒಂದೊಂದು ಅಳತೆಯವು. ಔಷಧಕ್ಕೆ ಬಾಟಲಿಯ ಜೊತೆ ಬಂದ ಮುಚ್ಚಳ, ಡ್ರಾಪರ್, ಅಥವಾ ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜ್ ಬಳಸಿ. ಸಿರಿಂಜ್ ಎಲ್ಲಕ್ಕಿಂತ ನಿಖರ, ಮೆಡಿಕಲ್ ಶಾಪಿನಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ.

ಮೈ ಒರೆಸುವ ವಿಷಯದಲ್ಲೂ ಎಚ್ಚರ ಬೇಕು. ಐಸ್ ನೀರು, ಸ್ಪಿರಿಟ್ ಬೇಡವೇ ಬೇಡ. ತಣ್ಣೀರು ತಾಗಿದರೆ ಮೈ ನಡುಗಿ ಒಳಗಿನ ಶಾಖ ಇನ್ನಷ್ಟು ಏರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಒರೆಸುವುದನ್ನೂ ಈಗಿನ ಹಲವು ಮಾರ್ಗಸೂಚಿಗಳು ಅಗತ್ಯವೆನ್ನುವುದಿಲ್ಲ. ತೆಳು ಬಟ್ಟೆ ಹಾಕಿ, ಗಾಳಿಯಾಡಲು ಬಿಟ್ಟು, ಆಗಾಗ ಕುಡಿಯಲು ಕೊಟ್ಟರೆ ಸಾಕು.

ಡೋಸ್: ಬಾಟಲಿಯನ್ನು ಕೈಯಲ್ಲಿ ಹಿಡಿದೇ ಲೆಕ್ಕ ಹಾಕಿ

ಅಮೆರಿಕದವರು ಅಸಿಟಮಿನೊಫೆನ್ ಎನ್ನುವುದೂ ನಾವು ಪ್ಯಾರಾಸಿಟಮಾಲ್ ಎನ್ನುವುದೂ ಒಂದೇ ಔಷಧ. ಎರಡು ಹೆಸರು ನೋಡಿ ಎರಡು ಔಷಧವೆಂದು ತಿಳಿದು ಎರಡನ್ನೂ ಕೊಡಬಾರದು. ಒಂದು ಸಲಕ್ಕೆ ಮಗುವಿನ ಪ್ರತಿ ಕೆ.ಜಿ. ತೂಕಕ್ಕೆ 15 ಮಿಲಿಗ್ರಾಂ, ಎರಡು ಡೋಸ್‌ಗಳ ನಡುವೆ ನಾಲ್ಕರಿಂದ ಆರು ಗಂಟೆ, 24 ಗಂಟೆಯಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಇದು ಸಾಮಾನ್ಯ ಲೆಕ್ಕ. ನಿಮ್ಮ ಮಗುವಿಗೆ ವೈದ್ಯರು ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ.

ಈಗ ಬಾಟಲಿ ತಿರುಗಿಸಿ. ಬ್ರ್ಯಾಂಡಿನ ದೊಡ್ಡ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ 'ಪ್ರತಿ 5 ಎಂ.ಎಲ್.ನಲ್ಲಿ' ಎಂಬ ಅರ್ಥದ ಇಂಗ್ಲಿಷ್ ಸಾಲು, ಅದರ ಮುಂದೆ ಸಂಖ್ಯೆ ಇರುತ್ತದೆ. ನಮ್ಮಲ್ಲಿ ಸಿರಪ್ ಹೆಚ್ಚಾಗಿ 120, 125, ಅಥವಾ 250 ಮಿಲಿಗ್ರಾಂನದು. ಶಿಶುಗಳ ಡ್ರಾಪ್ಸ್ ಪ್ರತಿ 1 ಎಂ.ಎಲ್.ಗೆ 100 ಮಿಲಿಗ್ರಾಂ. ಅಂದರೆ 'ಡ್ರಾಪ್ಸ್' ಎಂಬ ಮೆತ್ತನೆ ಹೆಸರಿನದೇ ಎಲ್ಲಕ್ಕಿಂತ ಗಾಢ. ಅಮೆರಿಕದ ಸಿರಪ್ 5 ಎಂ.ಎಲ್.ಗೆ 160.

12 ಕೆ.ಜಿ. ಮಗುವಿಗೆ ಬೇಕಾದದ್ದು 180 ಮಿಲಿಗ್ರಾಂ. 125ರ ಸಿರಪ್ಪಾದರೆ 7.2 ಎಂ.ಎಲ್. 250ರದ್ದಾದರೆ 3.6 ಎಂ.ಎಲ್. ಡ್ರಾಪ್ಸಾದರೆ 1.8 ಎಂ.ಎಲ್. ಲೆಕ್ಕ ಸುಲಭ: ಬೇಕಾದ ಮಿಲಿಗ್ರಾಂ ಅನ್ನು ಬಾಟಲಿಯ ಮೇಲಿನ ಮಿಲಿಗ್ರಾಂನಿಂದ ಭಾಗಿಸಿ, ಅದು ಎಷ್ಟು ಎಂ.ಎಲ್.ಗೆ ಹೇಳಿದೆಯೋ ಅದರಿಂದ ಗುಣಿಸಿ. ಈಗ ಮೊದಲು ಹೇಳಿದ ಅಮೆರಿಕದ '5 ಎಂ.ಎಲ್.' ಅನ್ನು ನೋಡಿ. 125ರ ಬಾಟಲಿಯಿಂದ ಅಷ್ಟು ಕೊಟ್ಟರೆ ಸಾಲದು, ಜ್ವರ ಇಳಿಯಲಿಲ್ಲವೆಂದು ಗಾಬರಿಯಾಗುತ್ತೀರಿ. 250ರದ್ದರಿಂದ ಕೊಟ್ಟರೆ ಹೆಚ್ಚಾಗುತ್ತದೆ, ಎರಡು ಮೂರು ದಿನ ಹಾಗೇ ಮುಂದುವರಿದರೆ ಲಿವರ್‌ಗೆ ಅಪಾಯ. ಡ್ರಾಪ್ಸಿನಿಂದ ಕೊಟ್ಟರೆ 500 ಮಿಲಿಗ್ರಾಂ ಹೋಗುತ್ತದೆ, ಬೇಕಾದ್ದರ ಸುಮಾರು ಮೂರು ಪಟ್ಟು.

ಅಮೆರಿಕದಲ್ಲಿರುವ ಕನ್ನಡ ಕುಟುಂಬಗಳಲ್ಲಿ ಇದೇ ತಿರುವುಮುರುವಾಗಿ ನಡೆಯುತ್ತದೆ. ಊರಿನಿಂದ ಸೂಟ್‌ಕೇಸಿನಲ್ಲಿ ಬಂದ ಡ್ರಾಪ್ಸನ್ನು ಅಲ್ಲಿನ ಚಾರ್ಟ್ ನೋಡಿ ಅಳೆಯಬೇಡಿ.

ಶೀತ, ಕೆಮ್ಮು, ಜ್ವರ ಮೂರಕ್ಕೂ ಎಂದು ಮಾರುವ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿರಬಹುದು. ಅದರ ಮೇಲೆ ಜ್ವರದ ಸಿರಪ್ಪನ್ನೂ ಕೊಟ್ಟರೆ ಡೋಸ್ ಎರಡಾಯಿತು. ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ಒಳಗಿನ ಔಷಧಗಳ ಹೆಸರು ಹೋಲಿಸಿ. ಆಸ್ಪಿರಿನ್ ಮಕ್ಕಳಿಗೆ ಜ್ವರಕ್ಕೆ ಕೊಡಲೇಬಾರದು. ರೈಸ್ ಸಿಂಡ್ರೋಮ್ ಎಂಬ, ಲಿವರ್ ಮತ್ತು ಮಿದುಳಿಗೆ ತಗಲುವ ಅಪರೂಪದ ಅಪಾಯ ಅದರಲ್ಲಿದೆ.

ಔಷಧ ಕೊಟ್ಟ ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಜ್ವರ ಇಳಿಯಲು ಶುರುವಾಗುತ್ತದೆ. 104 ಇದ್ದದ್ದು 101.5ಕ್ಕೆ ಬಂದರೂ ಔಷಧ ಕೆಲಸ ಮಾಡಿದೆ ಎಂದೇ ಅರ್ಥ, 98.6ಕ್ಕೆ ಬರಲೇಬೇಕೆಂದಿಲ್ಲ. ಇಪ್ಪತ್ತು ನಿಮಿಷಕ್ಕೆ 'ಜ್ವರ ಕಡಿಮೆಯಾಗ್ತಿಲ್ಲ' ಎಂದು ಹುಡುಕಲು ಕೂತರೆ ಎರಡನೇ ಔಷಧದ ಹೆಸರು ಸಿಗುತ್ತದೆ, ಅಷ್ಟೇ.

ಫಿಟ್ಸ್ ಬಗ್ಗೆ ಇವತ್ತೇ ಓದಿಟ್ಟುಕೊಳ್ಳಿ

ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ಆ ಕ್ಷಣದಲ್ಲಿ ಹುಡುಕಲು ಪುರುಸೊತ್ತಿರುವುದಿಲ್ಲ. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕುತ್ತಿಗೆಯ ಬಟ್ಟೆ ಸಡಿಲಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧ ಏನನ್ನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಕಬ್ಬಿಣ ಹಿಡಿಸುವುದು, ಈರುಳ್ಳಿ ಮೂಸಿಸುವುದು ಉಪಯೋಗವಿಲ್ಲ. ಹೆಚ್ಚಿನವು ಐದು ನಿಮಿಷದೊಳಗೆ ತಾವಾಗಿ ನಿಲ್ಲುತ್ತವೆ. ಐದು ನಿಮಿಷ ದಾಟಿದರೆ 108. ನಿಂತರೂ ಮೊದಲ ಸಲವಾದರೆ ಅಂದೇ ವೈದ್ಯರಿಗೆ ತೋರಿಸಬೇಕು. ಮನೆಯಲ್ಲಿ ಇನ್ನೊಬ್ಬರಿದ್ದರೆ ಫೋನಿನಲ್ಲಿ ವಿಡಿಯೋ ಮಾಡಲಿ. ವೈದ್ಯರಿಗೆ ಅದು ನಿಮ್ಮ ವರ್ಣನೆಗಿಂತ ಹೆಚ್ಚು ಹೇಳುತ್ತದೆ.

ಮಳೆಗಾಲ, ಮಲೆನಾಡು

ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಮಳೆಗಾಲದಲ್ಲಿ ಜ್ವರ ಬಂದರೆ ಹುಡುಕಾಟ ನೇರವಾಗಿ ಪ್ಲೇಟ್‌ಲೆಟ್ ಸಂಖ್ಯೆಗೂ ಪಪ್ಪಾಯಿ ಎಲೆಯ ರಸಕ್ಕೂ ಹೋಗುತ್ತದೆ. ಹುಡುಕಬೇಕಾದದ್ದು ಬೇರೆಯೇ ಇದೆ: 'ಡೆಂಗಿ ಎಚ್ಚರಿಕೆಯ ಚಿಹ್ನೆಗಳು'. ಡೆಂಗಿಯಲ್ಲಿ ಕಷ್ಟದ ಘಟ್ಟ ಬರುವುದು ಜ್ವರ ಏರಿದಾಗಲ್ಲ, ಇಳಿದಾಗ. ಸಾಮಾನ್ಯವಾಗಿ ಮೂರರಿಂದ ಏಳನೇ ದಿನದ ನಡುವೆ. ಜ್ವರ ಬಿಟ್ಟಿತೆಂದು ಮನೆಯವರು ನಿರಾಳವಾಗುವ ಹೊತ್ತಿನಲ್ಲೇ ಹೊಟ್ಟೆನೋವು, ಬಿಡದ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ತಣ್ಣನೆಯ ಕೈಕಾಲು, ಮಂಕು ಕಾಣಿಸಿಕೊಂಡರೆ ಕೂಡಲೇ ಆಸ್ಪತ್ರೆ. ಡೆಂಗಿ ಅನುಮಾನವಿರುವಷ್ಟು ದಿನ ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್‌ಗಳು ಬೇಡ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇವು 'ಜೋರು ಜ್ವರಕ್ಕೆ' ಎಂದು ಸುಲಭವಾಗಿ ಕೈಗೆ ಸಿಗುವುದರಿಂದಲೇ ಇದನ್ನು ಒತ್ತಿ ಹೇಳಬೇಕಾಗಿದೆ. ಪರೀಕ್ಷೆಯ ವಿಷಯಕ್ಕೆ ಬಂದರೆ, ಡೆಂಗಿಗೆ ಮಾಡುವ ಎರಡು ರಕ್ತಪರೀಕ್ಷೆಗಳಲ್ಲಿ ಎನ್‌ಎಸ್1 ಮೊದಲ ಐದು ದಿನಗಳಲ್ಲಿ ಉಪಯುಕ್ತ, ಐಜಿಎಂ ಅದರ ನಂತರ. ತಪ್ಪು ದಿನ ಮಾಡಿಸಿದ ಪರೀಕ್ಷೆ 'ನೆಗೆಟಿವ್' ಬಂದರೆ ಡೆಂಗಿ ಇಲ್ಲವೆಂದಲ್ಲ. ಜ್ವರ ಶುರುವಾದ ದಿನ ಬರೆದಿಡಿ ಎಂದದ್ದು ಇದಕ್ಕೇ.

ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರಿನ ಕಾಡಂಚಿನವರು ಡಿಸೆಂಬರ್‌ನಿಂದ ಮೇವರೆಗಿನ ತಿಂಗಳುಗಳಲ್ಲಿ ಮಂಗನ ಕಾಯಿಲೆಯನ್ನೂ ನೆನಪಿಡಬೇಕು. ಮಗು ಅಥವಾ ಮನೆಯವರು ಕಾಡಿಗೆ ಹೋಗಿದ್ದರೆ, ದರಗು ತಂದಿದ್ದರೆ, ಉಣುಗು ಕಚ್ಚಿದ್ದರೆ, ಹತ್ತಿರದಲ್ಲಿ ಮಂಗ ಸತ್ತಿದ್ದರೆ ವೈದ್ಯರು ಕೇಳುವ ಮೊದಲೇ ಹೇಳಿ. ಬೆಂಗಳೂರಿನ ವೈದ್ಯರಿಗೆ ತೋರಿಸುವಾಗಲಂತೂ ಊರಿನ ಹೆಸರು ಹೇಳದೆ ಇರಬೇಡಿ.

ವೈದ್ಯರ ಎದುರು ಕೂತಾಗ

'ಗೂಗಲ್‌ನಲ್ಲಿ ಹೀಗೆ ಬರೆದಿತ್ತು' ಎಂದು ಮಾತು ಶುರು ಮಾಡುವ ಬದಲು ಟಿಪ್ಪಣಿ ತೋರಿಸಿ: ಯಾವ ದಿನದಿಂದ, ಎಷ್ಟು, ಯಾವ ಔಷಧ ಎಷ್ಟು ಹೊತ್ತಿಗೆ. ಕೊಟ್ಟ ಬಾಟಲಿಗಳನ್ನೇ ಕೈಚೀಲದಲ್ಲಿ ಹಾಕಿಕೊಂಡು ಹೋಗಿ. ಕಷಾಯ ಕೊಟ್ಟಿದ್ದರೆ ಅದನ್ನೂ ಮುಚ್ಚಿಡಬೇಡಿ. ಇತ್ತೀಚೆಗೆ ಲಸಿಕೆ ಹಾಕಿಸಿದ್ದರೆ ದಿನಾಂಕ ಹೇಳಿ: ಪೆಂಟಾವೇಲೆಂಟ್ ನಂತರದ ಜ್ವರ ಒಂದೆರಡು ದಿನದಲ್ಲಿ ಬಂದು ಹೋಗುತ್ತದೆ, ದಡಾರದ ಲಸಿಕೆಯದು ವಾರ ಹತ್ತು ದಿನ ಕಳೆದು ಬರಬಹುದು. ಹೊರಡುವ ಮೊದಲು ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಅದೇ ಟಿಪ್ಪಣಿಯಲ್ಲಿ ಬರೆದುಕೊಳ್ಳಿ. ಈ ಬಾಟಲಿಯಿಂದ ಎಷ್ಟು ಎಂ.ಎಲ್.? ಏನು ಕಂಡರೆ ಕೂಡಲೇ ವಾಪಸ್ ಬರಬೇಕು? ಏನೂ ಆಗದಿದ್ದರೂ ಜ್ವರ ಬಿಡದಿದ್ದರೆ ಯಾವ ದಿನ ಬರಬೇಕು?